ಕೆರೆ ತುಂಬಿದ ಮೇಲಿನ ಮಳೆ

ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಚಿತ್ರಾವತಿ ವರ್ಷದ ಬಹುಪಾಲು ಬರೀ ಮರಳು. ಹಾಗೆಂದು ನೆಚ್ಚಿ ಕೂರಬೇಡಿ. 2021ರ ನವೆಂಬರಿನಲ್ಲಿ ಚಿಕ್ಕಬಳ್ಳಾಪುರದ ಕಂದವಾರ ಕೆರೆ ಕೋಡಿ ಹರಿದು ನೀರು ರಸ್ತೆಗೇ ನುಗ್ಗಿತು. ಗೌರಿಬಿದನೂರಿನಲ್ಲಿ ಪಿನಾಕಿನಿ ತುಂಬಿ ಹರಿಯಿತು.

ಮೊದಲ ಮಳೆಯನ್ನು ಒಣನೆಲ ಕುಡಿದುಬಿಡುತ್ತದೆ. ಹಿಂಗಾರಿನ ಹೊತ್ತಿಗೆ ನೆಲ ನೆನೆದು ಕೆರೆಗಳೂ ತುಂಬಿದ್ದರೆ ಅಷ್ಟೇ ಮಳೆ ಬಹುಪಾಲು ಹರಿದೇ ಹೋಗುತ್ತದೆ. ಮೇಲಿನ ಕೆರೆಯ ಕೋಡಿನೀರು ಕೆಳಗಿನ ಕೆರೆಗೆ. ನಡುವಿನ ರಾಜಕಾಲುವೆ ಮುಚ್ಚಿದ್ದರೆ ನಿಮ್ಮ ಮನೆಗೆ! ಸೈಟು ಕೊಳ್ಳುವ ಮುನ್ನ ಬ್ರೋಕರ್ ಮಾತಿಗಿಂತ ಗ್ರಾಮನಕ್ಷೆ ನೋಡಿ, ಊರಿನ ಹಿರಿಯರನ್ನು ಕೇಳಿ. ನೀರು ಇನ್ನಷ್ಟು ನಿಲ್ಲಲೆಂದು ಕೋಡಿಗೆ ಮರಳುಮೂಟೆ ಅಡ್ಡ ಇಡುವ ದುರಾಸೆಯೂ ಬೇಡ, ಕಟ್ಟೆ ಒಡೆದೀತು. ಮುಳುಗಿದ ಸೇತುವೆ ಮೇಲಂತೂ ಬೈಕ್ ಇಳಿಸಲೇಬೇಡಿ.