ಹೆಸರಿಗೆ ಆಲ್ ಟೆರೇನ್, ಲೆಕ್ಕಕ್ಕೆ ನಮ್ಮ ನೆಲ

ಎಟಿವಿ ಅಂದ್ರೆ ಆಲ್ ಟೆರೇನ್ ವೆಹಿಕಲ್, ಎಂಥಾ ನೆಲದ ಮೇಲೂ ಓಡುವ ಗಾಡಿ. ದಪ್ಪ ಟೈರು, ಬೈಕಿನಂಥ ಹ್ಯಾಂಡಲ್, ನಾಲ್ಕು ಗಾಲಿ. ಸೂಟಿಯಲ್ಲಿ ಗುಡ್ಡ-ಹಳ್ಳ ಸುತ್ತೋಕೆ ಇದಕ್ಕಿಂತ ಮಜಾ ಗಾಡಿ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ಆದರೆ ಹೆಸರು ಹೇಳುವಷ್ಟು ಕೆಲಸವನ್ನು ಗಾಡಿ ಮಾಡೋದಿಲ್ಲ. ಅದು ಎಲ್ಲಿ ಓಡ್ತದೆ, ಎಲ್ಲಿ ಮಗುಚ್ತದೆ ಅನ್ನೋದನ್ನು ಮೊದಲ ವರ್ಷದ ಮೆಕ್ಯಾನಿಕ್ಸ್‌ನಿಂದಲೇ ಲೆಕ್ಕ ಹಾಕಬಹುದು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ನೆಲ ಇಟ್ಟುಕೊಂಡು ಆ ಲೆಕ್ಕ ಮಾಡೋಣ.

1. ನಮ್ಮ ನೆಲ ಹೇಗಿದೆ?

ಈ ನಾಲ್ಕು ಊರು ಪಶ್ಚಿಮದಿಂದ ಪೂರ್ವಕ್ಕೆ ಬರ್ತವೆ. ಕಿತ್ತೂರಿನ ಕಡೆ ಕೆಂಪು ಮಸಾರಿ ಮಣ್ಣು ಹೆಚ್ಚು, ಮಳೆಯೂ ಸ್ವಲ್ಪ ಹೆಚ್ಚು. ಬೈಲಹೊಂಗಲ ಬಂತು ಅಂದ್ರೆ ಹತ್ತಿ, ಜೋಳ, ಕಡಲೆ ಬೆಳೆಯುವ ಎರಿ ಭೂಮಿ. ಸವದತ್ತಿಯಲ್ಲಿ ಮರಳುಗಲ್ಲಿನ ಗುಡ್ಡಗಳು ಏಳ್ತವೆ. ಯಲ್ಲಮ್ಮನ ಗುಡ್ಡ ಇರೋದು ಇಲ್ಲೇ. ಮಲಪ್ರಭೆ ಇದೇ ಕಲ್ಲನ್ನು ಕೊರೆದು ಹಾಯ್ದ ಕಿರಿದಾದ ಜಾಗ ನವಿಲುತೀರ್ಥ. ಅಲ್ಲೇ ಅಣೆಕಟ್ಟು ಕಟ್ಟಿದ್ದಾರೆ, ಹಿಂದೆ ನಿಂತ ನೀರು ರೇಣುಕಾ ಸಾಗರ. ರಾಮದುರ್ಗದ ಗುಡ್ಡಗಳೂ, ಸುರೇಬಾನ ಹತ್ತಿರದ ಶಬರಿ ಕೊಳ್ಳವೂ ಇದೇ ಜಾತಿಯ ಕಲ್ಲಿನವು. ಅಂದರೆ ಒಂದೇ ದಿನದ ತಿರುಗಾಟದಲ್ಲಿ ಗಾಲಿಯ ಕೆಳಗೆ ಮೂರು ಥರದ ನೆಲ ಸಿಗ್ತದೆ.

2. ಗಾಲಿ ಯಾಕೆ ಹೂಳೋದಿಲ್ಲ?

ಮೆತ್ತನೆ ಟೈರಿನಲ್ಲಿ ಗಾಳಿಯ ಒತ್ತಡ ಎಷ್ಟಿದೆಯೋ, ನೆಲದ ಮೇಲೆ ಬೀಳುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಕಾರಿನ ಟೈರಿಗೆ ಸುಮಾರು 32 ಪಿಎಸ್‌ಐ ಹಾಕ್ತೇವೆ, ಎಟಿವಿಗೆ ಸುಮಾರು 5 ಸಾಕು.

ಗಾಡಿ 300 ಕೆಜಿ, ಓಡಿಸುವವ 75 ಕೆಜಿ, ಒಟ್ಟು 375 ಅಂತ ಹಿಡಿಯೋಣ. 5 ಪಿಎಸ್‌ಐ ಅಂದ್ರೆ ಚದರ ಸೆಂಟಿಮೀಟರಿಗೆ 0.35 ಕೆಜಿ. ಭಾಗಿಸಿದರೆ ನಾಲ್ಕು ಗಾಲಿ ಸೇರಿ ನೆಲಕ್ಕೆ ತಾಗುವ ಜಾಗ ಸುಮಾರು 1,070 ಚದರ ಸೆಂಟಿಮೀಟರ್. 1,200 ಕೆಜಿಯ ಕಾರಿಗೆ ಇದೇ ಲೆಕ್ಕ ಮಾಡಿದರೆ ಬರೋದು ಬರೀ 530. ಮೂರನೇ ಒಂದು ಭಾಗದಷ್ಟೂ ತೂಕವಿಲ್ಲದ ಗಾಡಿ ಎರಡು ಪಟ್ಟು ಜಾಗದ ಮೇಲೆ ನಿಂತಿದೆ. ಒಬ್ಬ ಮನುಷ್ಯ ಒಂಟಿಗಾಲಿನಲ್ಲಿ ನಿಂತರೆ ನೆಲಕ್ಕೆ ಬೀಳುವ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ. ಮರಳು, ಸಡಿಲ ಮಣ್ಣಿನಲ್ಲಿ ಎಟಿವಿ ತೇಲಿದಂತೆ ಹೋಗುವ ಗುಟ್ಟು ಇದು.

3. ಹಾಗಾದ್ರೆ ಮಗುಚೋದು ಯಾಕೆ?

ಇಲ್ಲಿ ಎರಡು ಅಳತೆ ಮುಖ್ಯ: ಎಡ-ಬಲ ಗಾಲಿಗಳ ನಡುವಿನ ಅಗಲ ಮತ್ತು ಗುರುತ್ವ ಕೇಂದ್ರದ ಎತ್ತರ. ಅಗಲದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಸಿಗೋದು ಗಾಡಿ ಪಕ್ಕಕ್ಕೆ ಮಗುಚುವ ಕೋನದ ಟ್ಯಾನ್.

ಅಗಲ 95 ಸೆಂ.ಮೀ. ಇರಲಿ. ಗಾಡಿಯ ಕೇಂದ್ರ 50 ಸೆಂ.ಮೀ. ಎತ್ತರದಲ್ಲಿ, ಮೇಲೆ ಕೂತವನದು 105ರಲ್ಲಿ. ಎರಡೂ ಸೇರಿ ಕೇಂದ್ರ 61 ಸೆಂ.ಮೀ.ಗೆ ಏರ್ತದೆ. 47.5 ÷ 61 = 0.78, ಕೋನ ಸುಮಾರು 38 ಡಿಗ್ರಿ. ನಿಂತ ಗಾಡಿಗೆ ಇದು ಧಾರಾಳ. ಆದರೆ ನಾವು ನಿಂತಿರೋದಿಲ್ಲವಲ್ಲ!

6 ಮೀಟರ್ ತ್ರಿಜ್ಯದ ತಿರುವು ತಗೊಳ್ಳಿ. ಗಾಲಿ ಜಾರದೆ ಹಿಡಿದುಕೊಂಡಿದ್ದರೆ, ಸಪಾಟು ನೆಲದಲ್ಲಿ ಮಗುಚುವ ವೇಗ ಗಂಟೆಗೆ 24 ಕಿ.ಮೀ. ಅದೇ ತಿರುವು 15 ಡಿಗ್ರಿ ಇಳಿಜಾರಿನ ಮೇಲಿದ್ದು, ಗಾಡಿಯನ್ನು ಇಳಿಜಾರಿನ ಕಡೆಗೇ ತಳ್ಳುವಂತಿದ್ದರೆ ಆ ವೇಗ 18ಕ್ಕೆ ಇಳೀತದೆ. ಹಿಂದೆ 70 ಕೆಜಿಯ ಗೆಳೆಯನನ್ನು ಕೂರಿಸಿಕೊಂಡರೆ ಕೇಂದ್ರ ಇನ್ನೂ ಏರಿ, ಸುಮಾರು 16ಕ್ಕೇ ಗಾಡಿ ಮಗುಚ್ತದೆ. ಸೈಕಲ್ ಜೋರಾಗಿ ತುಳಿದರೂ ಇಷ್ಟು ವೇಗ ಬರ್ತದೆ. ಒಬ್ಬರ ಎಟಿವಿಯಲ್ಲಿ ಸೀಟು ಉದ್ದ ಇರೋದು ಸವಾರ ಹಿಂದೆ-ಮುಂದೆ ಸರಿಯೋಕೆ, ಇಬ್ಬರು ಕೂರೋಕಲ್ಲ.

ಸಡಿಲ ಮಣ್ಣಿನಲ್ಲಿ ಗಾಲಿ ಮೊದಲು ಜಾರ್ತದೆ, ಆದ್ದರಿಂದ ಸಾಮಾನ್ಯವಾಗಿ ಬಚಾವ್. ಸವದತ್ತಿಯ ಒಣಗಿದ ಮರಳುಗಲ್ಲು ಗಾಲಿಯನ್ನು ಗಟ್ಟಿ ಹಿಡೀತದೆ. ಜಾರುವ ಗಾಲಿ ಒಂದು ಕಲ್ಲಿಗೋ ಹೊಲದ ಒಡ್ಡಿಗೋ ತಾಗಿದರೂ ಅಷ್ಟೇ, ಗಾಡಿ ಮಗುಚ್ತದೆ. ಚೊಲೋ ಗ್ರಿಪ್ ಸಿಕ್ಕಿತು ಅಂತ ವೇಗ ಹೆಚ್ಚಿಸೋದು ಇದಕ್ಕೇ ಅಪಾಯ.

ಚರಿತ್ರೆಯೂ ಇದನ್ನೇ ಹೇಳ್ತದೆ. ಹೋಂಡಾ 1970ರಲ್ಲಿ ತಂದ ಎಟಿವಿಗೆ ಮೂರೇ ಗಾಲಿ. ಮುಂದೆ ಒಂದೇ ಗಾಲಿ ಇದ್ದರೆ ಮಗುಚುವ ಗೆರೆ ಗುರುತ್ವ ಕೇಂದ್ರಕ್ಕೆ ಹತ್ತಿರ ಬರ್ತದೆ. ಅಪಘಾತಗಳು ಹೆಚ್ಚಾಗಿ, 1988ರಲ್ಲಿ ಅಮೆರಿಕದಲ್ಲಿ ಕಂಪನಿಗಳು ಮೂರು ಗಾಲಿಯವನ್ನು ಮಾರೋದು ನಿಲ್ಲಿಸಲು ಒಪ್ಪಬೇಕಾಯ್ತು.

4. ಸವಾರನೂ ಒಂದು ಪಾರ್ಟು

ಅನೇಕ ಎಟಿವಿಗಳ ಹಿಂದಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ಇರೋದಿಲ್ಲ. ಎರಡೂ ಗಾಲಿ ಒಂದೇ ವೇಗದಲ್ಲಿ ತಿರುಗ್ತವೆ, ಹಾಗಾಗಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗೋಕೆ ನೋಡ್ತದೆ. ಸವಾರ ತಿರುವಿನ ಒಳಗಡೆಗೆ ಬಾಗಬೇಕು. ಮೈಯನ್ನು 20 ಸೆಂ.ಮೀ. ಸರಿಸಿದರೆ ಒಟ್ಟು ಕೇಂದ್ರ 4 ಸೆಂ.ಮೀ. ಸರೀತದೆ, ಮಗುಚುವ ಕೋನ 38ರಿಂದ 40 ಡಿಗ್ರಿಗೆ ಹೋಗ್ತದೆ. ಲಾಭ ಉಂಟು, ಆದರೆ ಎರಡೇ ಡಿಗ್ರಿ.

ನಮ್ಮಂಥ ಕಾಲೇಜುಗಳು ಬಾಹಾ ಸ್ಪರ್ಧೆಗೆ ಕಟ್ಟುವ ಗಾಡಿ ಬೇರೆ. ಭಾರತದಲ್ಲಿ 2007ರಿಂದ ನಡೆಯುತ್ತಿರುವ ಆ ಸ್ಪರ್ಧೆಯಲ್ಲಿ ಚಾಲಕ ತಗ್ಗಿನ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು, ರೋಲ್ ಕೇಜ್ ಒಳಗೆ ಕೂರ್ತಾನೆ. ಅದು ಮಗುಚಿದರೆ ಪೈಪು ಪೆಟ್ಟು ತಿನ್ನುತ್ತದೆ. ಹ್ಯಾಂಡಲ್‌ನ ಎಟಿವಿ ಮಗುಚಿದರೆ 300 ಕೆಜಿ ನಮ್ಮ ಮೈಮೇಲೆ.

5. ಎರಿ ಹೊಲದ ಲೆಕ್ಕ

ಎರಿಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರೀತದೆ. ಹಸಿ ಇದ್ದಾಗ ಟೈರಿನ ಹಲ್ಲುಗಳ ನಡುವೆ ತುಂಬಿಕೊಂಡು, ಹಲ್ಲಿನ ಟೈರು ನುಣ್ಣಗಾಗ್ತದೆ. ಒತ್ತಡ ಕಡಿಮೆ ಇದ್ದರೂ ಉಪಯೋಗ ಇಲ್ಲ. ಗಾಲಿ ಇದ್ದಲ್ಲೇ ತಿರುಗಿ ಮಣ್ಣು ಕಿತ್ತು ಹಾಕ್ತದೆ.

ಪೆಟ್ಟು ಬೀಳೋದು ಗಾಡಿಗೆ ಅಷ್ಟೇ ಅಲ್ಲ. ಹಿಂಗಾರಿ ಜೋಳ, ಕಡಲೆ ಬೆಳೆಯೋದು ಬಹುಮಟ್ಟಿಗೆ ಮಣ್ಣಿನಲ್ಲಿ ಉಳಿದ ತೇವದ ಮೇಲೆ. ಹಸಿ ಎರಿಯನ್ನು ತುಳಿದರೆ ಮಣ್ಣು ಗಟ್ಟಿಯಾಗಿ ನೀರು ಒಳಗೆ ಇಂಗೋದಿಲ್ಲ, ಬೇರೂ ಇಳಿಯೋದಿಲ್ಲ. ಒಡ್ಡು ಹಾಯ್ದು ಮಾಡಿದ ಜಾಡಿನಲ್ಲಿ ಮುಂದಿನ ಮಳೆ ನೀರು ಹರಿದು ಕೊರಕಲು ಆಗ್ತದೆ. ನಮ್ಮ ಹತ್ತು ನಿಮಿಷದ ಮಜಾಕ್ಕೆ ರೈತನ ಒಂದು ಹಂಗಾಮು ಹೋಗಬಾರದು.

6. ಹೊರಡುವ ಮುಂಚೆ

- ಮಳೆ ಬಿದ್ದ ಮೇಲೆ ಎರಿ ದಾರಿ ಪೂರ್ತಿ ಆರುವ ತನಕ ಕಾಯಿರಿ. ಚಕ್ಕಡಿ ದಾರಿ ಬಿಟ್ಟು ಹೊಲಕ್ಕೆ ಇಳಿಯಬೇಡಿ.
- ಗುಡ್ಡವನ್ನು ಅಡ್ಡಡ್ಡ ಹಾಯೋದಕ್ಕಿಂತ ನೆಟ್ಟಗೆ ಹತ್ತಿ ಇಳಿಯೋದು ಮೇಲು. ಕಡಿದಾಗಿದ್ದರೆ ಹತ್ತೋದೇ ಬೇಡ.
- ಹೆಲ್ಮೆಟ್, ಬೂಟು ಇಲ್ಲದೆ ಕೂರಬೇಡಿ. ಒಬ್ಬರ ಗಾಡಿಗೆ ಒಬ್ಬರೇ.
- ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮು ಹೀಗೇ ಹೇಳ್ತದೆ. ಹೊಲ, ಮಡ್ಡಿ ಯಾರದೋ ಅವರನ್ನು ಕೇಳಿ.
- ಯಲ್ಲಮ್ಮನ ಗುಡ್ಡ, ಕಿತ್ತೂರು ಕೋಟೆ, ಶಬರಿ ಕೊಳ್ಳ ಕಾಲ್ನಡಿಗೆಯಲ್ಲಿ ನೋಡುವ ಜಾಗ. ಗಾಡಿ ದೂರ ನಿಲ್ಲಿಸಿ.

ಅಭ್ಯಾಸಕ್ಕೆ ಒಂದು ಲೆಕ್ಕ: ಇದೇ ಗಾಡಿಯ ಅಗಲವನ್ನು 95ರಿಂದ 110 ಸೆಂ.ಮೀ.ಗೆ ಹೆಚ್ಚಿಸಿದರೆ, 15 ಡಿಗ್ರಿ ಇಳಿಜಾರಿನ ಅದೇ ತಿರುವಿನಲ್ಲಿ ಮಗುಚುವ ವೇಗ ಎಷ್ಟಾಗ್ತದೆ? 18ರಿಂದ 20ರ ಆಚೆ ಹೋಗ್ತದೆಯೇ ನೋಡಿ. ಆಮೇಲೆ ಅಷ್ಟು ಅಗಲದ ಗಾಡಿ ನಿಮ್ಮೂರ ಚಕ್ಕಡಿ ದಾರಿಯ ಎರಡು ಜಾಡಿಗೆ ಸರಿ ಕೂರ್ತದೋ ಇಲ್ಲವೋ, ಟೇಪು ಹಿಡಿದು ಅಳೆದು ಬನ್ನಿ.