ಚೆನ್ನಾಗಿದೆ ಅಂದರೆ ಸಾಲದು, ಎಲ್ಲಿ ಅಂತ ಹೇಳಿ

ಹುಡುಗರೇ, ಹುಡುಗಿಯರೇ, ಎಪ್ಪತ್ತರ ದಶಕದ ಜಾಝ್-ರಾಕ್ ಹುಡುಕಿಕೊಂಡು ಕೇಳುವ ಹುಚ್ಚು ನಿಮಗೆ ಹತ್ತಿರುವುದು ನನಗೆ ನಿಜವಾಗಿಯೂ ಸಂತೋಷದ ಸಂಗತಿ. ಹಾಡುವವರಿಲ್ಲ, ಸಾಹಿತ್ಯವಿಲ್ಲ, ಕುಣಿಯಲು ನೆಟ್ಟಗೊಂದು ಬೀಟೂ ಇಲ್ಲ. ಅಂಥ ಸಂಗೀತದ ಮುಂದೆ ಏಳೆಂಟು ನಿಮಿಷ ಅಲುಗಾಡದೆ ಕೂರುತ್ತೀರಿ. ಆದರೆ ಕೇಳಿ ಎದ್ದ ಮೇಲೆ ನೀವು ಆಡುವ ಮಾತು ನನಗೆ ಸಾಲದು ಅನ್ನಿಸುತ್ತದೆ. ‘ಏನು ಸ್ಪೀಡು!’, ‘ಇವನ ಮುಂದೆ ಯಾರೂ ಇಲ್ಲ’, ‘ತಲೆ ಕೆಟ್ಟುಹೋಯಿತು’. ಪ್ರೀತಿ ಇದೆ, ಒಪ್ಪಿದೆ. ಆ ಪ್ರೀತಿ ಹುಟ್ಟಿದ್ದು ಎಲ್ಲಿ, ಯಾವ ತಿರುವಿನಲ್ಲಿ, ಯಾರ ಕೈಯಿಂದ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಅದನ್ನು ಹೇಳಲು ಕಲಿಯಿರಿ. ಈ ವಯಸ್ಸಿನಲ್ಲಿ ನಾನು ನಿಮಗೆ ಕೊಡಬಹುದಾದದ್ದು ಇಷ್ಟೇ.

ಒಂದೇ ಒಂದು ಕೃತಿಯನ್ನು ಹಿಡಿದು ಮಾತಾಡುತ್ತೇನೆ. ಮಹಾವಿಷ್ಣು ಆರ್ಕೆಸ್ಟ್ರಾದ ‘ದಿ ಡಾನ್ಸ್ ಆಫ್ ಮಾಯಾ’. 1971ರಲ್ಲಿ ಬಂದ ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’ ಎಂಬ ಅವರ ಮೊದಲ ಆಲ್ಬಮ್‌ನಲ್ಲಿದೆ. ಏಳು ನಿಮಿಷ ಚಿಲ್ಲರೆ. ಇದೇ ತಂಡದ ‘ಬರ್ಡ್ಸ್ ಆಫ್ ಫೈರ್’ ಹೆಚ್ಚು ಹೆಸರು ಮಾಡಿತು, 1973ರಲ್ಲಿ ಆ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 15ನೇ ಸ್ಥಾನದವರೆಗೂ ಏರಿತು. ಹಾಗಿದ್ದರೂ ಕೇಳುವುದನ್ನು ಕಲಿಯಬೇಕೆಂದರೆ ‘ಡಾನ್ಸ್ ಆಫ್ ಮಾಯಾ’ವೇ ಒಳ್ಳೆಯ ಪಾಠ ಎಂಬುದು ನನ್ನ ಅಭಿಪ್ರಾಯ.

ಶುರುವಾಗುವುದು ಗಿಟಾರಿನಿಂದ. ಜಾನ್ ಮೆಕ್‌ಲಾಕ್ಲಿನ್ ಒಂದೊಂದು ಕಾರ್ಡನ್ನೂ ಬಿಡಿಸಿ, ತಂತಿ ತಂತಿಯಾಗಿ ಮೀಟುತ್ತಾ ಹೋಗುತ್ತಾರೆ. ಅಲ್ಲಿ ಸ್ಪೀಡು ಎಂಬುದೇ ಇಲ್ಲ, ಗಮನಿಸಿ. ಇರುವುದು ಕಿವಿಗೆ ನೆಲೆ ಸಿಗದ ಸ್ವರಗಳು. ಈ ಕಾರ್ಡು ಇನ್ನೇನು ಮನೆ ಸೇರಿತು ಅನ್ನುವಷ್ಟರಲ್ಲಿ ಮುಂದಿನದು ಬೇರೆಲ್ಲಿಗೋ ಕರೆದೊಯ್ಯುತ್ತದೆ. ಒಂದು ಸುತ್ತಿಗೆ ಹತ್ತು ಮಾತ್ರೆ. ಆಮೇಲೆ ಉಳಿದವರು ಸೇರುತ್ತಾರೆ, ಬಿಗಿ ಏರುತ್ತದೆ. ಇನ್ನು ತಡೆಯಲಾಗದು ಅನ್ನುವ ಹೊತ್ತಿಗೆ ಅದೆಲ್ಲ ನಿಂತು ಬಿಲ್ಲಿ ಕಾಬಮ್ ಡ್ರಮ್ಸ್ ಮೇಲೆ ಒಂದು ಬ್ಲೂಸ್ ನಡೆ ಹಿಡಿಯುತ್ತಾರೆ. ಕಾಲು ತಾನಾಗಿ ಕುಣಿಯುವಂಥ ನಡೆ. ನೀವೂ ಕಾಲು ಕುಣಿಸುತ್ತೀರಿ, ಸ್ವಲ್ಪ ಹೊತ್ತಿಗೆ ಕಾಲು ತಪ್ಪುತ್ತದೆ. ಯಾಕೆಂದರೆ ಮಾಮೂಲು ಬ್ಲೂಸ್‌ನಂತೆ ಕೇಳುವ ಈ ನಡೆಯ ಸುತ್ತು ಇಪ್ಪತ್ತು ಮಾತ್ರೆಯದು.

ಇಲ್ಲಿ ನಮಗೆ, ಅಂದರೆ ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ, ಒಂದು ಅನುಕೂಲವಿದೆ. ಕಛೇರಿಗೆ ಹೋಗಿ ತೊಡೆಯ ಮೇಲೆ ತಾಳ ಹಾಕುತ್ತಾ ಕೂರುವ ಅಜ್ಜ-ಅಜ್ಜಿಯರನ್ನು ನೀವು ನೋಡಿದ್ದೀರಿ. ಅದೇ ಕೆಲಸವನ್ನು ಇಲ್ಲಿಯೂ ಮಾಡಿ. ಮೊದಲ ಭಾಗಕ್ಕೆ ‘ತಕ ತಕಿಟ’ ಎಂದು ಐದನ್ನು ಎರಡು ಸಲ ಹೇಳಿಕೊಳ್ಳಿ. ಬ್ಲೂಸ್ ಭಾಗಕ್ಕೆ ಅದನ್ನೇ ನಾಲ್ಕು ಸಲ. ಖಂಡ ನಡೆ ಗೊತ್ತಿದ್ದವರಿಗೆ ಇದು ಕಷ್ಟವಲ್ಲ. ಡ್ರಮ್ಸಿನ ಒತ್ತುಗಳು ನಿಮ್ಮ ಐದರ ಮೇಲೆ ಬೀಳುವುದಿಲ್ಲ, ಅದಕ್ಕೆ ಗಾಬರಿಯಾಗಬೇಡಿ. ಲೆಕ್ಕ ಬಿಡದೆ ಹಿಡಿದುಕೊಂಡರೆ ಸುತ್ತಿನ ತುದಿಯಲ್ಲಿ ಎಲ್ಲರೂ ಬಂದು ನಿಮ್ಮ ಕೈಗೆ ಸೇರುತ್ತಾರೆ. ಮೊದಲ ಸಲ ಹಾಗೆ ಸೇರಿದಾಗ ಮೈ ಜುಮ್ಮೆನ್ನುತ್ತದೆ. ಆ ಸುಖ ಸುಮ್ಮನೆ ತಲೆ ಆಡಿಸುವವರಿಗೆ ಸಿಗುವುದಿಲ್ಲ.

ಕೃತಿಯ ನಿಜವಾದ ಜಾಣ್ಮೆ ಇರುವುದು ಕೊನೆಯಲ್ಲಿ. ಮರೆತೇಹೋಯಿತು ಅಂದುಕೊಂಡಿದ್ದ ಮೊದಲಿನ ಗಿಟಾರ್ ಸುತ್ತು ವಾಪಸ್ ಬರುತ್ತದೆ, ಆದರೆ ಬ್ಲೂಸ್ ನಡೆ ನಿಲ್ಲುವುದಿಲ್ಲ. ಒಂದರ ಮೇಲೊಂದು ಎರಡೂ ಹರಿಯುತ್ತವೆ. ಇಪ್ಪತ್ತರಲ್ಲಿ ಹತ್ತು ಎರಡು ಸಲ ಹಿಡಿಸುವುದರಿಂದ ಎರಡೂ ಸರಿಯಾಗಿ ಕೂಡಿಕೊಳ್ಳುತ್ತವೆ. ಬೇರೆ ಬೇರೆ ಲೋಕದವು ಎಂದು ನಾವು ತಿಳಿದಿದ್ದ ಎರಡು ಭಾಗಗಳು ಮೊದಲಿನಿಂದಲೂ ಒಂದೇ ಲೆಕ್ಕದಲ್ಲಿ ಇದ್ದವು ಎಂಬುದು ಆಗ ಬಯಲಾಗುತ್ತದೆ. ‘ಚೆನ್ನಾಗಿದೆ’ ಅನ್ನಬೇಕಾದದ್ದು ಇಲ್ಲಿ. ಗೆಳೆಯರ ಜತೆ ಕೂತು ಕೇಳುವಾಗ ಬೆರಳೆತ್ತಿ ತೋರಿಸಬೇಕಾದದ್ದೂ ಇಲ್ಲೇ. ಒಳ್ಳೆಯ ರಸಿಕ ಕಛೇರಿಯುದ್ದಕ್ಕೂ ‘ಭಲೇ’ ಅನ್ನುತ್ತಿರುವುದಿಲ್ಲ. ಕೋರ್ವೆ ಮುಗಿದು ಎಡುಪಿಗೆ ಸರಿಯಾಗಿ ಬಂದು ನಿಂತ ಕ್ಷಣಕ್ಕೆ ಅನ್ನುತ್ತಾನೆ. ವೇದಿಕೆಯ ಮೇಲಿನವರಿಗೂ ತಮ್ಮ ಕೆಲಸ ಒಬ್ಬರಿಗಾದರೂ ತಲುಪಿತು ಎಂದು ಅದರಿಂದಲೇ ತಿಳಿಯುವುದು.

ಇನ್ನೊಂದು ಮಾತು. ನೀವು ಈ ತಂಡದ ಬಗ್ಗೆ ಮಾತಾಡುವಾಗ ಒಂದೇ ಹೆಸರು ಕೇಳಿಸುತ್ತದೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಿಂದ ಬಂದ ಮೆಕ್‌ಲಾಕ್ಲಿನ್ ದೊಡ್ಡವರು, ಅನುಮಾನವಿಲ್ಲ. 1969ರಲ್ಲಿ ನ್ಯೂಯಾರ್ಕಿಗೆ ಬಂದ ವರ್ಷವೇ ಮೈಲ್ಸ್ ಡೇವಿಸ್ ಜತೆ ‘ಇನ್ ಎ ಸೈಲೆಂಟ್ ವೇ’, ‘ಬಿಚಸ್ ಬ್ರೂ’ ಎರಡರಲ್ಲೂ ನುಡಿಸಿದರು. ಆದರೆ ಅವರ ತಂಡದಲ್ಲಿದ್ದವರು ಐವರು. ಆದ್ದರಿಂದ ಇದೇ ಕೃತಿಯನ್ನು ಒಂದೊಂದು ಸಲ ಒಬ್ಬೊಬ್ಬರ ಹಿಂದೆ ಹೋಗಿ ಕೇಳಿ. ಒಳ್ಳೆಯ ಹೆಡ್‌ಫೋನ್ ಇದ್ದರೆ ಇದು ಸುಲಭ.

ಪನಾಮಾದಲ್ಲಿ ಹುಟ್ಟಿದ ಕಾಬಮ್ ಅವರನ್ನು ಹಿಂಬಾಲಿಸುವುದು ಎಲ್ಲರಿಗೂ ಖುಷಿ, ಅದಕ್ಕೆ ನನ್ನ ಶಿಫಾರಸು ಬೇಕಿಲ್ಲ. ನಾನು ಒತ್ತಿ ಹೇಳುವುದು ಬೇಸ್ ಗಿಟಾರಿನ ರಿಕ್ ಲೇರ್ಡ್ ಬಗ್ಗೆ. ಐರ್ಲೆಂಡಿನ ಡಬ್ಲಿನ್‌ನವರು, 2021ರಲ್ಲಿ ತೀರಿಕೊಂಡರು. ಉಳಿದ ನಾಲ್ವರೂ ಆಕಾಶಕ್ಕೆ ಹಾರುತ್ತಿರುವಾಗ ನೆಲ ಬಿಡದೆ ನಿಂತವರು ಅವರೊಬ್ಬರೇ. ಅವರು ನುಡಿಸುವುದು ಕಡಿಮೆ ಸ್ವರ, ಅದೂ ಮತ್ತೆ ಮತ್ತೆ. ತಾಳ ತಪ್ಪಿದಾಗ ನಿಮ್ಮ ಕೈಗೆ ದಾರಿ ತೋರಿಸುವುದು ಆ ಬೇಸ್. ಅಭಿಮಾನಿಗಳ ಮಾತಿನಲ್ಲಿ ಅವರ ಹೆಸರು ಅಪರೂಪಕ್ಕೂ ಬರುವುದಿಲ್ಲ, ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಜೆರಿ ಗುಡ್‌ಮನ್ ಅವರ ಪಿಟೀಲನ್ನು ಹೊಸ ಕಿವಿಯಿಂದ ಕೇಳಿ. ಪಿಟೀಲು ಅಂದ ಕೂಡಲೇ ನಮ್ಮ ಮನಸ್ಸು ಗಮಕವನ್ನು ಹುಡುಕುತ್ತದೆ. ಅವರೂ ಸ್ವರವನ್ನು ಜಾರಿಸುತ್ತಾರೆ, ಬಾಗಿಸುತ್ತಾರೆ, ಆದರೆ ಆ ಬಾಗು ರಾಗದಿಂದ ಹುಟ್ಟಿದ್ದಲ್ಲ. ಬ್ಲೂಸ್ ಗಾಯಕರ ಕಂಠದಿಂದ, ಅಮೆರಿಕದ ಕಪ್ಪು ಜನರ ದುಡಿಮೆ ಮತ್ತು ಅಳಲಿನಿಂದ ಬಂದದ್ದು. ಮಹಾವಿಷ್ಣು ಆರ್ಕೆಸ್ಟ್ರಾ 1971ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ ಮೊದಲ ಸಲ ಜನರೆದುರು ನುಡಿಸಿದಾಗ ಅದೇ ವೇದಿಕೆಯ ಮುಖ್ಯ ಕಲಾವಿದ ಜಾನ್ ಲೀ ಹೂಕರ್, ಬ್ಲೂಸ್‌ನ ದೊಡ್ಡ ಹಿರಿಯ. ‘ಡಾನ್ಸ್ ಆಫ್ ಮಾಯಾ’ದ ನಡುಭಾಗವನ್ನು ಕೇಳುವಾಗ ನನಗೆ ಈ ಸಂಗತಿ ನೆನಪಾಗದೆ ಇರುವುದಿಲ್ಲ.

ಕೀಬೋರ್ಡಿನ ಯಾನ್ ಹ್ಯಾಮರ್ ಪ್ರಾಗ್ ನಗರದವರು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಅಲ್ಲಿಗೆ ನುಗ್ಗಿದ ಮೇಲೆ ಅಮೆರಿಕ ಸೇರಿದರು. ಈ ಆಲ್ಬಮ್‌ನಲ್ಲಿ ಅವರ ಎಲೆಕ್ಟ್ರಿಕ್ ಪಿಯಾನೋ ಹಿಂದೆ ನಿಂತು ಬಣ್ಣ ತುಂಬುತ್ತದೆ. ಮುಂದಿನ ಆಲ್ಬಮ್‌ಗೆ ಮಿನಿಮೂಗ್ ಸಿಂಥಸೈಜರ್ ಹಿಡಿದರು ನೋಡಿ, ಗಿಟಾರಿನ ಹಾಗೆಯೇ ಸ್ವರ ಬಾಗಿಸಿ ಗಿಟಾರಿಗೇ ಎದುರುತ್ತರ ಕೊಟ್ಟರು.

ಈ ಐವರ ಒಡಕಿನ ಕತೆಯೂ ನಿಮಗೆ ತಿಳಿದಿರಲಿ. ಮೊದಲ ಎರಡು ಆಲ್ಬಮ್‌ಗಳ ರಚನೆಗಳೆಲ್ಲ ಮೆಕ್‌ಲಾಕ್ಲಿನ್ ಹೆಸರಿನಲ್ಲೇ ಇವೆ. ಉಳಿದವರಿಗೂ ತಮ್ಮ ರಚನೆಗಳಿಗೆ ಜಾಗ ಬೇಕಿತ್ತು. 1973ರಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೊದಲ್ಲಿ ಹ್ಯಾಮರ್, ಗುಡ್‌ಮನ್, ಲೇರ್ಡ್ ಅವರ ರಚನೆಗಳೂ ಇದ್ದ ಒಂದು ಧ್ವನಿಮುದ್ರಣ ನಡೆಯಿತು. ಅದು ಆಗ ಹೊರಬರಲಿಲ್ಲ; ಆ ವರ್ಷದ ಕೊನೆಗೆ ಮೊದಲ ತಂಡವೇ ಮುರಿಯಿತು. ಆ ಟೇಪುಗಳು ಆಲ್ಬಮ್ ಆಗಿ ಬಂದದ್ದು 1999ರಲ್ಲಿ. ಒಬ್ಬರನ್ನೇ ಹೊಗಳುವ ಅಭ್ಯಾಸ ಒಂದು ತಂಡಕ್ಕೆ ಎಷ್ಟು ದುಬಾರಿ ಎಂದು ಈ ಕತೆಯಿಂದ ನನಗೆ ತೋರುತ್ತದೆ. ಕೇಳುವವರಾದ ನಾವಾದರೂ ಐವರಿಗೂ ಅವರವರ ಪಾಲು ಕೊಡೋಣ.

ಸ್ಪೀಡಿನ ವಿಷಯಕ್ಕೆ ಬರುತ್ತೇನೆ. ಈ ಸಂಗೀತದಲ್ಲಿ ಅಬ್ಬರ ಜಾಸ್ತಿ, ಪ್ರದರ್ಶನ ಜಾಸ್ತಿ ಎಂದು ದೂರುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರ ಮೇಲೆ ಸಿಟ್ಟಾಗಬೇಡಿ. ‘ದಿ ನೂನ್‌ವರ್ಡ್ ರೇಸ್’ ಕೇಳುವಾಗ ನನಗೂ ಉಸಿರಾಡಲು ಜಾಗ ಬೇಕು ಅನ್ನಿಸುತ್ತದೆ. ಆದರೆ ಅದೇ ಆಲ್ಬಮ್‌ನಲ್ಲಿ ಡ್ರಮ್ಸೇ ಇಲ್ಲದ ‘ಎ ಲೋಟಸ್ ಆನ್ ಐರಿಷ್ ಸ್ಟ್ರೀಮ್ಸ್’ ಇದೆ: ಗಿಟಾರು, ಪಿಟೀಲು, ಪಿಯಾನೋ ಅಷ್ಟೇ. ‘ಡಾನ್ಸ್ ಆಫ್ ಮಾಯಾ’ ಮುಗಿದ ಕೂಡಲೇ ಬರುವ ‘ಯೂ ನೋ ಯೂ ನೋ’ದಲ್ಲಿ ಒಂದು ಸಣ್ಣ ಪಲುಕು ತಿರುತಿರುಗಿ ಬರುತ್ತದೆ, ನಡುವೆ ಬಿಟ್ಟ ಖಾಲಿ ಜಾಗದಲ್ಲಿ ಡ್ರಮ್ಸ್ ಸಿಡಿಯುತ್ತದೆ. ಇಪ್ಪತ್ತು ವರ್ಷದ ನಂತರ ಬ್ರಿಟನ್ನಿನ ಮ್ಯಾಸಿವ್ ಅಟ್ಯಾಕ್ ತಂಡ ತಮ್ಮ ‘ಒನ್ ಲವ್’ ಹಾಡಿಗೆ ಎತ್ತಿಕೊಂಡದ್ದು ಈ ಪಲುಕನ್ನೇ, ವೇಗದ ಭಾಗ ಯಾವುದನ್ನೂ ಅಲ್ಲ. ಆ ಖಾಲಿ ಜಾಗಗಳನ್ನು ಮೆಚ್ಚಲು ಬಂದ ಮೇಲೆ ವೇಗವನ್ನು ಮೆಚ್ಚುವ ಹಕ್ಕೂ ನಿಮಗೆ ಬರುತ್ತದೆ.

ನಮ್ಮವರು ಮಾಡುವ ಒಂದು ತಪ್ಪನ್ನು ನೀವು ಮಾಡಬೇಡಿ. ಮಹಾವಿಷ್ಣು ಎಂಬ ಹೆಸರು ನೋಡಿದ ಕೂಡಲೇ ‘ಎಲ್ಲ ನಮ್ಮದೇ’ ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಹೆಸರು ಕೊಟ್ಟವರು ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಬಂಗಾಳಿ ಗುರು ಶ್ರೀ ಚಿನ್ಮೊಯ್. ಮೆಕ್‌ಲಾಕ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತರು, ಮುಂದೆ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರೊಂದಿಗೆ ‘ಶಕ್ತಿ’ ಕಟ್ಟಿದರು. ಇವೆಲ್ಲ ನಿಜ, ಹೆಮ್ಮೆಯೂ ನಿಜ. ಹಾಗೆಂದು ‘ಡಾನ್ಸ್ ಆಫ್ ಮಾಯಾ’ದಲ್ಲಿರುವ ಬ್ಲೂಸ್ ನಮ್ಮದಲ್ಲ, ಎಲೆಕ್ಟ್ರಿಕ್ ಗಿಟಾರಿನ ಆ ಗರ್ಜನೆ ನಮ್ಮದಲ್ಲ, ಜಾಝ್‌ನ ಕಾರ್ಡುಗಳು ನಮ್ಮವಲ್ಲ. ತಾಳ ಎಣಿಸುವ ಅಭ್ಯಾಸ ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಕೇಳಲು ಬಳಸಿ, ಹಕ್ಕು ಸಾಧಿಸಲು ಬೇಡ.

ನನ್ನ ತಲೆಮಾರಿಗೆ ಇಂಥ ಎಲ್‌ಪಿಗಳು ಸುಲಭವಾಗಿ ಸಿಗುತ್ತಿರಲಿಲ್ಲ. ಯಾರೋ ವಿದೇಶದಿಂದ ತಂದ ಪ್ಲೇಟನ್ನು ಇನ್ಯಾರೋ ಕ್ಯಾಸೆಟ್ಟಿಗೆ ಇಳಿಸಿ, ಅದು ಕೈಯಿಂದ ಕೈಗೆ ಹೋಗುತ್ತಿತ್ತು. ಕೈಯಲ್ಲಿರುವುದು ಒಂದೇ ಕ್ಯಾಸೆಟ್ ಆದ್ದರಿಂದ ಅದನ್ನೇ ಟೇಪು ಸವೆಯುವವರೆಗೆ ಕೇಳುತ್ತಿದ್ದೆವು. ನಿಮಗೆ ಬೆರಳ ತುದಿಯಲ್ಲಿ ಎಲ್ಲವೂ ಇದೆ, ಅದಕ್ಕೇ ಯಾವುದೂ ಪೂರ್ತಿ ಕಿವಿಗೆ ಇಳಿಯುವುದಿಲ್ಲ. ಒಂದು ವಾರ ಬೇರೇನೂ ಹಾಕದೆ ಒಂದೇ ಕೃತಿಯ ಜತೆ ಇರಿ. ಅದಕ್ಕೆ ಮುಂಚೆ ಯಾರು ದೊಡ್ಡವರು, ಯಾರು ಚಿಕ್ಕವರು ಎಂಬ ಪಟ್ಟಿ ಮಾಡಬೇಡಿ. ಮೊದಲ ಸಲ ಕೇಳಿದವರು ‘ಇದು ಬರೀ ಗಲಾಟೆ’ ಎಂದರೆ ನಗಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ಆ ಕೊನೆಯ ಭಾಗದಲ್ಲಿ ಗಿಟಾರ್ ಸುತ್ತು ವಾಪಸ್ ಬರುವ ಜಾಗ ತೋರಿಸಿ. ಆಮೇಲೂ ಹಿಡಿಸದಿದ್ದರೆ ಅದು ಅವರ ಇಷ್ಟ.

ಇದರಲ್ಲಿ ಕೈ ಪಳಗಿದ ಮೇಲೆ ಕೇಳಲು ನಮ್ಮೂರಿನದೇ ಒಂದು ಧ್ವನಿಮುದ್ರಿಕೆ ಇದೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಮತ್ತು ಸಂಗಡಿಗರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆ ಮಾಡಿದ ‘ಜ್ಯೋತಿ’. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ಅದನ್ನು ಹೊರತಂದಿತು. ಡ್ರಮ್ಸ್ ಇಲ್ಲ, ಎಲೆಕ್ಟ್ರಿಕ್ ಗಿಟಾರೂ ಇಲ್ಲ. ಮೃದಂಗ, ಘಟ, ಖಂಜೀರ, ರಮಾಮಣಿಯವರ ದನಿ, ಅವುಗಳ ನಡುವೆ ಒಂದು ಸ್ಯಾಕ್ಸೊಫೋನ್. ಜಾಝ್ ಜಗತ್ತು ನಮ್ಮ ಲಯದ ಜತೆ ಸಮಸಮವಾಗಿ ಕೂತು ಮಾತಾಡಿದ ದಾಖಲೆ ಅದು. ಇಲ್ಲಿನ ಮನೆಗಳಲ್ಲಿ ಅದನ್ನು ಕೇಳಿದವರು ಬಹಳ ಕಡಿಮೆ. ಹುಡುಕಿ ಕೇಳಿ, ತಾಳ ಹಾಕುತ್ತಾ ಕೇಳಿ, ಎಲ್ಲಿ ಹಿಡಿಸಿತು ಎಂದು ನನಗೆ ಬರೆದು ತಿಳಿಸಿ.