ಒಂದೇ ಪದಕ್ಕೆ ಎರಡು ಉದ್ಯೋಗ

ಭೌತಶಾಸ್ತ್ರದ ಪ್ರಶ್ನಪತ್ರಿಕೆಗಳಲ್ಲಿ 'ಸ್ಟೇಟ್ ನ್ಯೂಟನ್ಸ್ ಫಸ್ಟ್ ಲಾ' ಎಂಬುದು ಬಹಳ ಪರಿಚಿತವಾದ ಪ್ರಶ್ನೆ. ಇಲ್ಲಿ 'ಸ್ಟೇಟ್' ಎಂದರೆ ನಿರೂಪಿಸು ಎಂದರ್ಥ. ಉತ್ತರ ಬರೆಯಹೊರಟ ವಿದ್ಯಾರ್ಥಿ ಒಂದು ಸಾಲು ಮುಗಿಸುವಷ್ಟರಲ್ಲಿ 'ಸ್ಟೇಟ್ ಆಫ್ ರೆಸ್ಟ್' ಎಂದು ಬರೆಯಬೇಕಾಗುತ್ತದೆ. ಈ ಸಾರಿ 'ಸ್ಟೇಟ್' ಎಂಬುದು ಸ್ಥಿತಿ. ಪ್ರಶ್ನೆಯಲ್ಲಿ ಕ್ರಿಯಾಪದವಾಗಿದ್ದುದು ಉತ್ತರದಲ್ಲಿ ನಾಮಪದವಾಗಿ ಕುಳಿತಿದೆ. ಅದರ ನೆರೆಯ 'ರೆಸ್ಟ್' ಸಹ ಅಂತಹುದೇ. ಇಲ್ಲಿ ಅದು ನಿಶ್ಚಲತೆಯ ಹೆಸರು. 'ದಿ ಬ್ಲಾಕ್ ರೆಸ್ಟ್ಸ್ ಆನ್ ದಿ ಟೇಬಲ್' ಎಂಬಲ್ಲಿ ಮೇಜಿನ ಮೇಲೆ ನೆಲೆಗೊಂಡಿದೆ ಎಂಬ ಕ್ರಿಯೆ. 'ಉಳಿದದ್ದು' ಎಂಬ ಅರ್ಥದ 'ರೆಸ್ಟ್' ಬೇರೆಯೇ ಪದ. ಅದು ಫ್ರೆಂಚಿನಿಂದ ಬಂದದ್ದು, ರೂಪದಲ್ಲಿ ಮಾತ್ರ ಇದರ ಅವಳಿ.

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದವರು ಇಂಗ್ಲಿಷ್ ಪಠ್ಯಪುಸ್ತಕದ ಮುಂದೆ ತಡವರಿಸುವುದು ಕಠಿಣ ಪದಗಳಿಂದ ಎಂದು ಹಲವರು ಭಾವಿಸುವುದುಂಟು. ತರಗತಿಯಲ್ಲಿ ನಾನು ಕಂಡುದು ಬೇರೆ. 'ಎಲೆಕ್ಟ್ರೋಮ್ಯಾಗ್ನೆಟಿಸಮ್' ಎಂಬ ಉದ್ದದ ಪದ ಅವರನ್ನು ಅಷ್ಟಾಗಿ ಕಾಡುವುದಿಲ್ಲ. ಅದಕ್ಕೆ ಅರ್ಥ ಒಂದೇ. ಕಾಡುವುವು 'ಚಾರ್ಜ್', 'ಹೀಟ್', 'ವರ್ಕ್', 'ಮೆಷರ್', 'ಚೇಂಜ್' ಮೊದಲಾದ ಪುಟ್ಟ ಪದಗಳು. ವಾಕ್ಯದ ಕ್ರಿಯಾಪದ ಯಾವುದೆಂದು ಹೊಳೆಯದಿದ್ದರೆ, ಪದಪದಕ್ಕೂ ಅರ್ಥ ಗೊತ್ತಿದ್ದು ನಿಯಮ ಮಾತ್ರ ಅರ್ಥವಾಗದೆ ಉಳಿಯುತ್ತದೆ.

ಇಂತಹ ಪದಗಳು ನಮಗೇನೂ ಹೊಸವಲ್ಲ. ನಡೆ, ನುಡಿ, ಹಾಡು, ಓದು, ನಗು, ಬೆಳೆ: ಇವೆಲ್ಲ ಹೆಸರೂ ಹೌದು, ಕ್ರಿಯೆಯೂ ಹೌದು. ಆದರೂ ಕನ್ನಡಿಗನು ಎಡವುವುದಿಲ್ಲ. 'ಹಾಡನ್ನು' ಎಂದೊಡನೆ ಹೆಸರು, 'ಹಾಡಿದಳು' ಎಂದೊಡನೆ ಕ್ರಿಯೆ. ಪದದ ಬೆನ್ನಿಗಂಟಿದ ಪ್ರತ್ಯಯವೇ ಅದರ ಗುರುತನ್ನು ಸಾರುತ್ತದೆ. ಇಂಗ್ಲಿಷಿನಲ್ಲಿ ಆ ಹೊಣೆಯನ್ನು ಬಹುಮಟ್ಟಿಗೆ ಸ್ಥಾನವೇ ಹೊರಬೇಕು. ಪದ ಏನೆಂಬುದು ಅದು ಎಲ್ಲಿ ನಿಂತಿದೆ ಎಂಬುದನ್ನು ಅವಲಂಬಿಸಿದೆ.

ಇಂಗ್ಲಿಷ್ ಮೊದಲಿನಿಂದಲೂ ಹೀಗಿರಲಿಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಪ್ರೀತಿಗೆ 'ಲುವು', ಪ್ರೀತಿಸುವುದಕ್ಕೆ 'ಲುವಿಯನ್' ಎಂಬ ರೂಪಗಳಿದ್ದುವು. ಕೊನೆಗೆ 'ಎಂಡೆ', ಕೊನೆಗಾಣಿಸುವುದಕ್ಕೆ 'ಎಂಡಿಯನ್'. ಮುಂದಿನ ಶತಮಾನಗಳಲ್ಲಿ ಬಾಯಿಂದ ಬಾಯಿಗೆ ಸವೆದು ಈ ಪ್ರತ್ಯಯಗಳು ಉದುರಿಹೋದುವು. ಎರಡು ಜೋಡಿಗಳಲ್ಲೂ ಒಂದೊಂದೇ ರೂಪ ಉಳಿಯಿತು, 'ಲವ್' ಮತ್ತು 'ಎಂಡ್'.

ಉದುರಿಹೋದ ಪ್ರತ್ಯಯ ಕೆಲವೆಡೆ ತನ್ನ ಹೆಜ್ಜೆಯ ಗುರುತನ್ನು ಬಿಟ್ಟಿದೆ. ಮನೆ ಎಂಬರ್ಥದ 'ಹೌಸ್' ಕ್ರಿಯಾಪದವಾದಾಗ ಉಚ್ಚಾರಣೆ 'ಹೌಜ಼್'. ಕಾರಣವಿಷ್ಟೆ: ಹಳೆಯ ಇಂಗ್ಲಿಷಿನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿದ 'ಸ'ಕಾರ ಘೋಷಧ್ವನಿಯಾಗಿ 'ಜ಼' ಎಂದು ಮಾರ್ಪಡುತ್ತಿತ್ತು. ಕ್ರಿಯಾಪದದ ಪ್ರತ್ಯಯ ಸ್ವರದಿಂದ ಮೊದಲಾಗುತ್ತಿದ್ದುದರಿಂದ ಅಲ್ಲಿ ಮಾತ್ರ 'ಜ಼' ಬಂದಿತು. ಪ್ರತ್ಯಯ ಅಳಿಯಿತು, ಅದು ಹುಟ್ಟಿಸಿದ ನಾದ ಅಳಿಯಲಿಲ್ಲ. ಬಂಡೆಯಲ್ಲಿ ಉಳಿದ ಪ್ರಾಣಿಯ ಅಚ್ಚಿನಂತೆ ಇಂದಿಗೂ ಕೇಳಿಸುತ್ತದೆ. 'ಯೂಸ್' ಮತ್ತು 'ಯೂಜ಼್', 'ಬ್ರೆತ್' ಮತ್ತು 'ಬ್ರೀದ್' ಎಂಬ ಜೋಡಿಗಳಲ್ಲಿಯೂ ಇದೇ ಬಗೆಯ ವ್ಯತ್ಯಾಸವಿದೆ.

ಇನ್ನೊಂದು ಗುರುತು ಒತ್ತು. 'ರೆಕಾರ್ಡ್', 'ಕಂಡಕ್ಟ್', 'ಇನ್‌ಕ್ರೀಸ್', 'ಪ್ರಾಜೆಕ್ಟ್' ಮುಂತಾದುವು ನಾಮಪದಗಳಾದಾಗ ಮೊದಲ ಭಾಗದ ಮೇಲೆ, ಕ್ರಿಯಾಪದಗಳಾದಾಗ ಎರಡನೆಯ ಭಾಗದ ಮೇಲೆ ಧ್ವನಿ ಬಲವಾಗಿ ಬೀಳುತ್ತದೆ. 1570ರ ಒಂದು ನಿಘಂಟಿನಲ್ಲಿ ಇಂತಹ ಜೋಡಿಗಳು ಮೂರೇ: 'ರೆಬೆಲ್', 'ಔಟ್‌ಲಾ', 'ರೆಕಾರ್ಡ್'. 1660ರ ವೇಳೆಗೆ 24, 1800ರ ವೇಳೆಗೆ 70, 1934ರ ವೇಳೆಗೆ 150 ಆದುವೆಂದು ಭಾಷಾವಿಜ್ಞಾನಿಗಳು ಎಣಿಸಿದ್ದಾರೆ. ಯಾರೂ ಅಪ್ಪಣೆ ಮಾಡದೆ ಒಂದು ಪದದಿಂದ ಇನ್ನೊಂದಕ್ಕೆ ಹರಡಿದ ನಿಯಮವಿದು. ಕನ್ನಡದಲ್ಲಿ ಒತ್ತು ಅರ್ಥವನ್ನು ಬದಲಿಸದಾದ್ದರಿಂದ ನಮ್ಮ ಕಿವಿ ಇದನ್ನು ಸುಲಭವಾಗಿ ಹಿಡಿಯಲಾರದು.

ಅಚ್ಚಿನ ಪುಟದಲ್ಲಂತೂ ಒತ್ತೂ ಇಲ್ಲ, ನಾದವೂ ಇಲ್ಲ. 'ಲೈಕ್ ಚಾರ್ಜಸ್ ರಿಪೆಲ್' ಎಂಬ ಮೂರು ಪದಗಳ ನಿಯಮವನ್ನೇ ನೋಡಿರಿ. 'ಲೈಕ್' ಇಲ್ಲಿ ಮೆಚ್ಚುವುದಲ್ಲ, ಸಜಾತೀಯ ಎಂಬ ವಿಶೇಷಣ, 'ಚಾರ್ಜಸ್' ನಾಮಪದದ ಬಹುವಚನ, ಕ್ರಿಯಾಪದ ಕಟ್ಟಕಡೆಯದು. 'ದಿ ಬ್ಯಾಟರಿ ಚಾರ್ಜಸ್ ದಿ ಕೆಪ್ಯಾಸಿಟರ್' ಎಂಬಲ್ಲಿ ಅದೇ 'ಚಾರ್ಜಸ್' ಕ್ರಿಯಾಪದವಾಗಿ, ಕರ್ತೃ ಒಂದೇ ಎಂಬುದನ್ನು ಸೂಚಿಸುತ್ತದೆ. ಬಹುವಚನಕ್ಕೂ ಏಕವಚನಕ್ಕೂ ಒಂದೇ ಗುರುತನ್ನಿಡುವ ಏರ್ಪಾಡನ್ನು ಯಾವ ಜಾಣನೂ ಯೋಚಿಸಿ ಮಾಡಿರಲಾರನು.

ಎಡವುವವರು ನಾವು ಮಾತ್ರವಲ್ಲ. 1960ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಗಣಕಯಂತ್ರವೊಂದಕ್ಕೆ 'ಟೈಮ್ ಫ್ಲೈಸ್ ಲೈಕ್ ಆನ್ ಆರೋ' ಎಂಬ ವಾಕ್ಯವನ್ನು ಕೊಟ್ಟರು. ಕಾಲ ಬಾಣದಂತೆ ಹಾರುತ್ತದೆ ಎಂಬುದು ಯಾರಿಗೂ ತಿಳಿಯುವ ಅರ್ಥ. ಯಂತ್ರವಾದರೋ ಬೇರೆ ಅನ್ವಯಗಳನ್ನೂ ಮುಂದಿಟ್ಟಿತು. ಬಾಣದ ವೇಗವನ್ನು ಅಳೆಯುವಂತೆ ನೊಣಗಳ ವೇಗವನ್ನು ಅಳೆ ಎಂಬುದು ಒಂದು. 'ಕಾಲನೊಣ'ಗಳು ಬಾಣವನ್ನು ಮೆಚ್ಚುತ್ತವೆ ಎಂಬುದು ಇನ್ನೊಂದು. ವ್ಯಾಕರಣದ ದೃಷ್ಟಿಯಿಂದ ಯಂತ್ರದ ತಪ್ಪೇನೂ ಇಲ್ಲ.

ಹಾಗಾದರೆ ಓದುವ ಬಗೆ ಹೇಗೆ? ಮೊದಲು ವಾಕ್ಯದ ಕ್ರಿಯಾಪದವನ್ನು ಹುಡುಕಿರಿ. 'ದಿ', 'ಎ', 'ಆಫ್' ಎಂಬುವುಗಳ ಹಿಂದೆ ಬರುವುದು ಸಾಮಾನ್ಯವಾಗಿ ನಾಮಪದ. 'ವಿಲ್', 'ಕ್ಯಾನ್', 'ಡಸ್ ನಾಟ್' ಎಂಬುವುಗಳ ಹಿಂದೆ ಕ್ರಿಯಾಪದ. 'ಟು' ಒಂದನ್ನು ಮಾತ್ರ ನಂಬಬಾರದು. 'ಟು ಮೆಷರ್ ದಿ ಕರೆಂಟ್' ಎಂಬಲ್ಲಿ ಅದರ ಮುಂದಿನದು ಕ್ರಿಯೆ. 'ಪ್ರೊಪೋರ್ಷನಲ್ ಟು ಫೋರ್ಸ್' ಎಂಬಲ್ಲಿ ಹೆಸರು.

ಭೌತಶಾಸ್ತ್ರದಲ್ಲಿ ಇನ್ನೂ ಒಂದು ಸೂಕ್ಷ್ಮವುಂಟು. ನಾವು ಅಳೆಯುವ ರಾಶಿಗೆ ಹೆಸರು ಬೇಕು. ಆದ್ದರಿಂದ ಶಾಸ್ತ್ರ ಖಚಿತ ಅರ್ಥ ಕೊಟ್ಟಿರುವುದು ನಾಮಪದಕ್ಕೆ. ಬಲವನ್ನೂ ಬಲದ ದಿಕ್ಕಿನ ಸ್ಥಾನಾಂತರವನ್ನೂ ಗುಣಿಸಿದ ಮೊತ್ತಕ್ಕೆ ಕೆಲಸವೆಂಬ ಹೆಸರನ್ನು ಫ್ರಾನ್ಸಿನ ಕೊರಿಯೊಲಿಸ್ 1829ರಲ್ಲಿ ತನ್ನ ಭಾಷೆಯ ದಿನಬಳಕೆಯ ಪದದಿಂದಲೇ ಆರಿಸಿಕೊಂಡನು. 'ವರ್ಕ್' ಎಂಬ ಕ್ರಿಯಾಪದ ಮಾತ್ರ ಬೀದಿಯ ಅರ್ಥದಲ್ಲಿಯೇ ಉಳಿದಿದೆ. ಅದಕ್ಕೇ ಬಲವು ಹತ್ತು ಜೂಲ್ 'ವರ್ಕ್ಸ್' ಎಂದು ಯಾರೂ ಬರೆಯುವುದಿಲ್ಲ. 'ಡಸ್ ಟೆನ್ ಜೂಲ್ಸ್ ಆಫ್ ವರ್ಕ್' ಎನ್ನುತ್ತಾರೆ. ತಲೆಯ ಮೇಲೆ ಪೆಟ್ಟಿಗೆ ಹೊತ್ತು ಸಮತಟ್ಟಾದ ಪ್ಲಾಟ್‌ಫಾರಮ್ಮಿನಲ್ಲಿ ಸಮವೇಗದಿಂದ ನಡೆಯುವ ಕೂಲಿ ಬೆವರು ಸುರಿಸಿ 'ವರ್ಕ್ಸ್'. ಗುರುತ್ವಕ್ಕೆ ಎದುರಾಗಿ ಪೆಟ್ಟಿಗೆಯ ಮೇಲೆ ನಡೆದ 'ವರ್ಕ್' ಸೊನ್ನೆ.

ಈಗ ಈ ವಾಕ್ಯವನ್ನು ವಾಚಕರೇ ಬಿಡಿಸಿ ನೋಡಲಿ: 'ದಿ ವರ್ಕ್ ಡನ್ ಟು ಚಾರ್ಜ್ ದಿ ಕೆಪ್ಯಾಸಿಟರ್ ಚೇಂಜಸ್ ಇಫ್ ದಿ ಚಾರ್ಜ್ ಇನ್‌ಕ್ರೀಸಸ್.' ಇದರಲ್ಲಿರುವ ಎರಡು 'ಚಾರ್ಜ್'ಗಳೂ ಒಂದೇ ಅಲ್ಲವೆಂಬ ಸುಳಿವಷ್ಟನ್ನು ಕೊಟ್ಟಿದ್ದೇನೆ.